ಸಹಿ ಇಲ್ಲದ ಹೂದಾನಿ: ಬೊಹೆಮಿಯಾದ ಹಳೇ ಗಾಜು ಯಾರು ಮಾಡಿದ್ದು ಅಂತ ಕಂಡುಹಿಡಿಯೋದು

(ಹಳೇ ಗಾಜಿನ ವಸ್ತು ಕೂಡಿಡೋ ಕೆಲವರು ಸೇರಿದ್ದಾಗ ಆಡಿದ ಮಾತು ಇದು. ಮಾತಾಡಿದ ಹಾಗೇ ಬರೆದಿದೀನಿ, ಕೊನೇಲಿ ಅವರು ಕೇಳಿದ ಪ್ರಶ್ನೆಗಳೂ ಇವೆ.)

ನಮಸ್ಕಾರ ಎಲ್ರಿಗೂ. ಹರಾಜಿನ ಪಟ್ಟಿಗಳಲ್ಲಿ, ಆನ್‌ಲೈನ್ ಅಂಗಡಿಗಳಲ್ಲಿ ನೀವೂ ನೋಡಿರ್ತೀರಿ, ಎಣ್ಣೆ ಬಿದ್ದ ನೀರಿನ ಥರ ಬಣ್ಣ ಮಿರುಗೋ ಹೂದಾನಿ ಕಂಡ್ರೆ ಸಾಕು "ಲೋಟ್ಸ್" ಅಂತ ಬರೀತಾರೆ, ಚಿನ್ನದ ಬಳ್ಳಿ ಬಿಡಿಸಿದ ಎನಾಮಲ್ (ಗಾಜಿನ ಮೇಲೆ ಬರೆದು ಸುಟ್ಟು ಕೂರಿಸಿದ ಬಣ್ಣ) ಹೂದಾನಿ ಕಂಡ್ರೆ "ಮೋಸರ್" ಅಂತ ಬರೀತಾರೆ. ಎರಡೂ ಬೊಹೆಮಿಯಾದ ಹೆಸರುವಾಸಿ ಗಾಜಿನ ಕಂಪನಿಗಳು. ಆದ್ರೆ ಅದೇ ಕಾಲದಲ್ಲಿ, ಅಂದ್ರೆ 1900ರ ಆಸುಪಾಸಿನಲ್ಲಿ, ಬೊಹೆಮಿಯಾದಲ್ಲಿ ಹತ್ತಾರು ಗಾಜಿನ ಕಾರ್ಖಾನೆಗಳು ಉರೀತಾ ಇದ್ವು, ಅದ್ಭುತವಾದ ಕೆಲಸ ಮಾಡ್ತಿದ್ವು, ಅವರೆಲ್ಲರ ಹೆಸರು ಈ ಎರಡು ಹೆಸರಿನ ಅಡಿಗೆ ಬಿದ್ದು ಮುಚ್ಚಿಹೋಗಿದೆ. ನನಗೆ ಬೇಜಾರಾಗೋದು ಅದಕ್ಕೆ. ಬೆಲೆ ಹೆಚ್ಚು ಕಡಿಮೆ ಆಗೋದು ಒಂದು ಕಡೆ ಇರ್ಲಿ, ಕುಲುಮೆ ಮುಂದೆ ನಿಂತು ಬೆವರು ಸುರಿಸಿದೋರ ಕೆಲಸಾನ ಇನ್ನೊಬ್ಬರ ಲೆಕ್ಕಕ್ಕೆ ಬರೆದುಬಿಡೋದು ಅನ್ಯಾಯ ಅಲ್ವಾ?

ಬೊಹೆಮಿಯಾ ಅಂದ್ರೆ ಈಗಿನ ಚೆಕ್ ದೇಶದ ಪಶ್ಚಿಮದ ಭಾಗ. 1918ರ ತನಕ ಅದು ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಳಗಿತ್ತು, ಆಮೇಲೆ ಚೆಕೊಸ್ಲೊವಾಕಿಯಾ. ಸುತ್ತ ಗಡಿಯುದ್ದಕ್ಕೂ ಬೆಟ್ಟ, ಬೆಟ್ಟದ ತುಂಬ ಕಾಡು, ಕಾಡಿಂದ ಸೌದೆ, ಸೌದೆಯ ಬೂದಿಯಿಂದ ಪೊಟ್ಯಾಷ್, ಗಾಜಿಗೆ ಬೇಕಾದ ಕ್ವಾರ್ಟ್ಜ್ ಕೂಡ ಅಲ್ಲೇ, ಹಾಗಾಗಿ ಕಾರ್ಖಾನೆಗಳೆಲ್ಲ ದೊಡ್ಡ ಊರು ಬಿಟ್ಟು ಈ ಬೆಟ್ಟದ ಹಳ್ಳಿಗಳಲ್ಲಿ ಬೆಳೆದ್ವು. ಆ ಗಡಿ ಸೀಮೇಲಿ ಹೆಚ್ಚಿನ ಜನ ಜರ್ಮನ್ ಮಾತಾಡೋರು, ಅದಕ್ಕೆ ಪ್ರತಿ ಊರಿಗೂ ಎರಡು ಹೆಸರು. ಹುಡುಕೋವಾಗ ಇದು ತಲೇಲಿರಲಿ: ಹೈಡಾ ಅಂದ್ರೂ ನೋವಿ ಬೋರ್ ಅಂದ್ರೂ ಒಂದೇ ಊರು, ಕಾರ್ಲ್ಸ್‌ಬಾಡ್ ಅಂದ್ರೆ ಕಾರ್ಲೊವಿ ವಾರಿ, ಗಾಬ್ಲೊನ್ಸ್ ಅಂದ್ರೆ ಯಾಬ್ಲೊನೆಟ್ಸ್. ಯಾಬ್ಲೊನೆಟ್ಸ್ ನಮಗೆ ದೂರದ ಊರೇನಲ್ಲ, 19ನೇ ಶತಮಾನದ ಕೊನೆಯಲ್ಲಿ ಆ ಕಡೆಯ ಗಾಜಿನ ಬಳೆಗಳು ರಾಶಿ ರಾಶಿಯಾಗಿ ಹಡಗು ಹತ್ತಿ ಇಂಡಿಯಾಕ್ಕೆ ಬರ್ತಿದ್ವು, ನಮ್ಮ ಮುತ್ತಜ್ಜಿಯರ ಕಾಲದ ಎಷ್ಟೋ ಕೈಗಳು ಆ ಬಳೆ ತೊಟ್ಟಿರಬಹುದು. ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂಗೆ ಹೋದ್ರೆ ಬೊಹೆಮಿಯಾದ ಗಾಜನ್ನ ಕಣ್ಣಾರೆ ನೋಡಬಹುದು.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. "ಇದನ್ನ ಯಾರು ಮಾಡಿದ್ದು" ಅಂತ ನಾವು ಒಂದೇ ಪ್ರಶ್ನೆ ಕೇಳ್ತೀವಿ, ಆದ್ರೆ ಬೊಹೆಮಿಯಾದ ಮಟ್ಟಿಗೆ ಅದು ಮೂರು ಪ್ರಶ್ನೆ. ಗಾಜು ಊದಿದ್ದು ಯಾರು, ಅದರ ಮೇಲೆ ಚಿತ್ರ ಬರೆದಿದ್ದೋ ಕೆತ್ತಿದ್ದೋ ಯಾರು, ತನ್ನ ಹೆಸರಲ್ಲಿ ಮಾರಿದ್ದು ಯಾರು. ಸೀರೆ ನೇಯ್ದೋರು ಒಬ್ಬರು, ಕಸೂತಿ ಹಾಕಿದೋರು ಇನ್ನೊಬ್ಬರು, ಡಬ್ಬದ ಮೇಲಿರೋ ಹೆಸರು ಅಂಗಡಿಯವರದು, ಇದೂ ಹಾಗೇ. ನೋವಿ ಬೋರ್, ಕಾಮೆನಿಟ್ಸ್ಕಿ ಷೆನೋವ್ ಈ ಎರಡು ಊರುಗಳಲ್ಲಿ ಅಲಂಕಾರದ ಕೆಲಸಗಾರರೇ ತುಂಬಿದ್ರು, ಅದನ್ನ ಕಲಿಸೋ ಶಾಲೆಗಳಿದ್ವು, ಷೆನೋವ್‌ನ ಶಾಲೆ ಶುರುವಾಗಿದ್ದು 1856ರಲ್ಲಿ. ಅವರು ಬೇರೆ ಕಾರ್ಖಾನೆಗಳಿಂದ ಖಾಲಿ ಗಾಜು ತರಿಸಿ, ಬಣ್ಣ ಬರೆದು, ಚಿನ್ನ ಹಚ್ಚಿ ಮಾರೋರು. ವಿಯೆನ್ನಾದ ಗಾಜಿನ ವ್ಯಾಪಾರಿ ಲೋಬ್‌ಮೈರ್ ಎಷ್ಟು ದೊಡ್ಡ ಹೆಸರು! ಅವರೂ ಗಾಜನ್ನ ಬೊಹೆಮಿಯಾದಲ್ಲೇ ಮಾಡಿಸ್ತಿದ್ರು, ಅದರಲ್ಲಿ ಮೈರ್ಸ್ ನೆಫೆ ಅನ್ನೋ ಕಾರ್ಖಾನೆಯದು ದೊಡ್ಡ ಪಾಲು. ಹಾಗಾಗಿ ಲೋಬ್‌ಮೈರ್ ಗುರುತು ಸಿಕ್ಕಿದ್ರೆ ನಿಮಗೆ ಸಿಕ್ಕಿದ್ದು ಮೂರನೇ ಪ್ರಶ್ನೆಗೆ ಉತ್ತರ, ಮೊದಲನೇದಕ್ಕಲ್ಲ.

ಮೋಸರ್ ಕಥೆ ಇದಕ್ಕೆ ಇನ್ನೂ ಒಳ್ಳೇ ಉದಾಹರಣೆ. ಲುಡ್ವಿಗ್ ಮೋಸರ್ ಕಾರ್ಲೊವಿ ವಾರಿಯಲ್ಲಿ 1857ರಲ್ಲಿ ಶುರು ಮಾಡಿದ್ದು ಕೆತ್ತನೆಯ ವರ್ಕ್‌ಶಾಪ್ ಮತ್ತು ಅಂಗಡಿ. ಸ್ವಂತ ಗಾಜಿನ ಕುಲುಮೆ ಬಂದಿದ್ದು 1893ರಲ್ಲಿ. ಅಂದ್ರೆ ಅದಕ್ಕೆ ಮುಂಚಿನ ಮೋಸರ್ ಹೂದಾನಿ ಅಂತ ಏನಿದ್ಯೋ ಅದರ ಗಾಜು ಬೇರೆಯವರದು, ಅಲಂಕಾರ ಅಥವಾ ಮಾರಾಟ ಮಾತ್ರ ಮೋಸರ್‌ದು. ಹರಾಖ್ ಅನ್ನೋ ಕಾರ್ಖಾನೆ ಇದೆ, ನೋವಿ ಸ್ವೆಟ್ ಅನ್ನೋ ಜಾಗದಲ್ಲಿ, ಅದರ ಉಲ್ಲೇಖ 1712ರಿಂದಲೇ ಸಿಗುತ್ತೆ, ಇವತ್ತಿಗೂ ಅಲ್ಲಿ ಗಾಜು ಊದ್ತಾರೆ. ಇವರು ಬೇರೆಯವರಿಗೆ ಖಾಲಿ ಗಾಜೂ ಕೊಡೋರು, ತಮ್ಮಲ್ಲೇ ಅತ್ಯುತ್ತಮ ಎನಾಮಲ್ ಕೆಲಸಾನೂ ಮಾಡೋರು, ಆದ್ರೆ ಹೆಸರು ಹಾಕೋದು ಕಡಿಮೆ. ಹಾಗಾಗಿ ಹರಾಖ್‌ನ ಎಷ್ಟೋ ಹೂದಾನಿಗಳು ಮೋಸರ್ ಹೆಸರಲ್ಲಿ ಓಡಾಡ್ತಿವೆ. ಇನ್ನೊಂದು ಗೊಂದಲಾನೂ ಇಲ್ಲೇ ಬಿಡಿಸಿಬಿಡ್ತೀನಿ, ವಿಯೆನ್ನಾದ ಡಿಸೈನರ್ ಕೊಲೊಮನ್ ಮೋಸರ್ ಬೇರೆ, ಈ ಕಾರ್ಲೊವಿ ವಾರಿಯ ಮೋಸರ್ ಬೇರೆ, ಇಬ್ಬರಿಗೂ ಸಂಬಂಧ ಇಲ್ಲ. ಕೊಲೊಮನ್ ಮೋಸರ್ ವಿನ್ಯಾಸ ಮಾಡಿದ ಗಾಜು ಬೇಕು ಅಂದ್ರೆ ನೀವು ನೋಡಬೇಕಾದ್ದು ಲೋಟ್ಸ್ ಕಡೆಗೆ.

ಹಾಗಾದ್ರೆ ಲೋಟ್ಸ್ ಯಾರು? ದಕ್ಷಿಣದ ಶುಮವಾ ಕಾಡಿನಲ್ಲಿ ಕ್ಲಾಷ್ಟರ್ಸ್ಕಿ ಮ್ಲೀನ್ ಅಂತ ಒಂದು ಹಳ್ಳಿ, ಜರ್ಮನ್‌ನಲ್ಲಿ ಕ್ಲೋಸ್ಟರ್‌ಮ್ಯೂಲೆ. ಅಲ್ಲಿನ ಕಾರ್ಖಾನೆಗೆ "ಯೋಹಾನ್ ಲೋಟ್ಸ್ ವಿಟ್ವೆ" ಅಂತ ಹೆಸರು, ಅಂದ್ರೆ ಯೋಹಾನ್ ಲೋಟ್ಸ್ ಅವರ ವಿಧವೆ. ಗಂಡ ತೀರಿಕೊಂಡ ಮೇಲೆ ಸುಸಾನಾ ಲೋಟ್ಸ್ ಅನ್ನೋ ಹೆಣ್ಣುಮಗಳು ಕಾರ್ಖಾನೆ ನಡೆಸಿದ್ರು, ಆ ಹೆಸರೇ ಕೊನೇತನಕ ಉಳೀತು. 1879ರಲ್ಲಿ ಆಕೆಯ ಮೊಮ್ಮಗ ಮ್ಯಾಕ್ಸ್ ಫಾನ್ ಸ್ಪೌನ್ ವಹಿಸಿಕೊಂಡ. ಅವನೂ ಅವನ ಮ್ಯಾನೇಜರ್ ಎಡುವರ್ಡ್ ಪ್ರೊಖಾಸ್ಕಾನೂ ಸೇರಿ ಆ ಕಾಡಿನ ಮೂಲೆಯ ಕಾರ್ಖಾನೇನ ಎಲ್ಲಿಗೆ ಒಯ್ದರು ಅಂದ್ರೆ, 1900ರ ಪ್ಯಾರಿಸ್ ಎಕ್ಸ್‌ಪೊಸಿಷನ್ ಅನ್ನೋ ಜಾಗತಿಕ ಪ್ರದರ್ಶನದಲ್ಲಿ ಗ್ರ್ಯಾಂಡ್ ಪ್ರಿ, ಅಂದ್ರೆ ದೊಡ್ಡ ಬಹುಮಾನ, ಬಂತು. ಅವರ ಹೆಸರುವಾಸಿ ಕೆಲಸ "ಫೆನೊಮೆನ್": ಬಿಸಿ ಗಾಜಿನ ಮೇಲೆ ಇನ್ನೊಂದು ಬಣ್ಣದ ಗಾಜಿನ ಎಳೆ ಸುತ್ತೋದು, ಅದು ಮೆತ್ತಗಿರೋವಾಗಲೇ ಕೊಕ್ಕೆಯಲ್ಲಿ ಎಳೆದು ಅಲೆ ಅಲೆ ಮಾಡೋದು, ಆಮೇಲೆ ಲೋಹದ ಲವಣದ ಹಬೆ ಹಿಡಿಸೋದು, ಆಗ ಮೇಲ್ಮೈ ಮೇಲೆ ತೆಳ್ಳನೆ ಪದರ ಕೂತು ಬೆಳಕಿಗೆ ಬಣ್ಣ ಒಡೆಯುತ್ತೆ.

ಕಾರ್ಖಾನೆ 1947ರಲ್ಲಿ ಮುಚ್ಚಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಆ ಗಡಿ ಸೀಮೆಯ ಜರ್ಮನ್ ಮಾತಿನ ಜನರಲ್ಲಿ ಹೆಚ್ಚಿನವರನ್ನ ದೇಶದಿಂದ ಹೊರಗೆ ಕಳಿಸಿದ್ರು, ಕಾರ್ಖಾನೆಗಳು ಸರ್ಕಾರದ ವಶಕ್ಕೆ ಹೋದ್ವು, ಊರಿಗೆ ಊರೇ ಖಾಲಿಯಾಗೋವಾಗ ಲೆಕ್ಕದ ಪುಸ್ತಕ, ಕ್ಯಾಟಲಾಗು, ನಮೂನೆ ಹಾಳೆಗಳನ್ನ ಯಾರು ಕಾಪಾಡ್ತಾರೆ? ಎಷ್ಟೋ ಕಾರ್ಖಾನೆಗಳ ದಾಖಲೆ ಚೆಲ್ಲಾಪಿಲ್ಲಿ ಆಗಿದ್ದು ಹೀಗೆ. ಲೋಟ್ಸ್ ವಿಷಯದಲ್ಲಿ ಮಾತ್ರ ನಮ್ಮ ಪುಣ್ಯ, ಅವರ ಕಾಗದದ ಶೇಪ್ ಕಟ್‌ಗಳು ದೊಡ್ಡ ಸಂಖ್ಯೆಯಲ್ಲಿ ಉಳಿದಿವೆ. ಒಂದೊಂದು ಹೂದಾನಿಗೂ ಒಂದೊಂದು ಕಾಗದದ ಆಕಾರ, ಅದರ ಮೇಲೆ ಪ್ರೊಡಕ್ಷನ್ ನಂಬರ್, ಯಾವ ಯಾವ ಡೆಕಾರ್‌ನಲ್ಲಿ, ಅಂದ್ರೆ ಅಲಂಕಾರದ ಮಾದರಿಯಲ್ಲಿ, ಮಾಡಿದ್ರು ಅನ್ನೋ ಟಿಪ್ಪಣಿ. ಅವು ಸುಷಿಟ್ಸೆ ಊರಿನ ಶುಮವಾ ಮ್ಯೂಸಿಯಂಗೆ ಸೇರಿದ್ವು, ಅದನ್ನ ಆಧರಿಸಿ ವಿದ್ವಾಂಸರು 1989ರಲ್ಲಿ ದೊಡ್ಡ ಎರಡು ಸಂಪುಟ ತಂದ್ರು. ಇವತ್ತು ಯಾರಾದ್ರೂ "ಇದು ಲೋಟ್ಸ್" ಅಂತ ಗಟ್ಟಿಯಾಗಿ ಹೇಳೋದಿದ್ರೆ ಅದರ ಬುಡ ಈ ಕಾಗದಗಳು.

ಸರಿ, ಒಂದು ಹೂದಾನಿ ಕೈಗೆ ತಗೊಂಡು ನೋಡೋಣ. ಅಂಗೈ ಅಗಲಕ್ಕಿಂತ ಸ್ವಲ್ಪ ಎತ್ತರ, ಮೈ ನಾಲ್ಕು ಕಡೆ ಒಳಕ್ಕೆ ಒತ್ತಿದ ಹಾಗೆ ತಗ್ಗು, ಬಾಯಿ ಮೂರು ಎಸಳಾಗಿ ಮಡಚಿದೆ. ಮೇಜಿನ ಮೇಲೆ ಇಟ್ಟಾಗ ಬೆಳ್ಳಿ-ನೀಲಿ ಚುಕ್ಕೆ ಮೈತುಂಬ, ಚಿಟ್ಟೆ ರೆಕ್ಕೆ ಮೇಲಿನ ಪುಡಿ ಥರ. ಮೊದಲು ಮಾಡಬೇಕಾದ್ದು ಅದನ್ನ ಕಿಟಕಿಗೆ ಹಿಡಿಯೋದು, ಇಲ್ಲಾ ಬಾಯೊಳಗೆ ಟಾರ್ಚ್ ಬಿಡೋದು. ಆಗ ಮೇಲಿನ ಮಿರುಗು ಹಿಂದೆ ಸರಿದು ಗಾಜಿನ ಸ್ವಂತ ಬಣ್ಣ ಕಾಣುತ್ತೆ. ಹಸಿರು ಕಂಡ್ರೆ ಲೋಟ್ಸ್ ಭಾಷೇಲಿ ಅದು "ಕ್ರೆಟಾ", ಜೇನಿನ ಹಳದಿ ಕಂಡ್ರೆ "ಕಾಂಡಿಯಾ". ಚುಕ್ಕೆಯ ಡೆಕಾರ್‌ಗೆ "ಪಾಪಿಯೋನ್" ಅಂತ ಹೆಸರು, ಹಾಗಾಗಿ ಕ್ರೆಟಾ ಪಾಪಿಯೋನ್, ಕಾಂಡಿಯಾ ಪಾಪಿಯೋನ್ ಅಂತೆಲ್ಲ ಪಟ್ಟಿಗಳಲ್ಲಿ ಓದ್ತೀರಿ. ಲೆನ್ಸ್ ಇಟ್ಟು ಚುಕ್ಕೆ ನೋಡಿ, ಬಣ್ಣ ಸಿಡಿಸಿದ ಹಾಗಿರಬಾರದು, ಗಾಜಿನ ಜತೆ ಹಿಗ್ಗಿರಬೇಕು, ಹೊಟ್ಟೆ ಉಬ್ಬಿದ ಕಡೆ ಚುಕ್ಕೆ ದೊಡ್ಡದು, ಕುತ್ತಿಗೆ ಹತ್ರ ಉದ್ದಕ್ಕೆ ಎಳೆದ ಹಾಗೆ, ಯಾಕಂದ್ರೆ ಊದೋಕೆ ಮುಂಚೆ ಕೂತ ಚುಕ್ಕೆ ಗಾಜಿನ ಜತೇಲೇ ಬೆಳೆಯುತ್ತೆ.

ಆಮೇಲೆ ಮಗುಚಿ ತಳ ನೋಡಿ. ಗಾಜನ್ನ ಊದುಗೊಳವೆಯಿಂದ ಬಿಡಿಸೋಕೆ ಮುಂಚೆ ತಳಕ್ಕೆ ಇನ್ನೊಂದು ಸಲಾಕೆ ಅಂಟಿಸ್ತಾರೆ, ಬಾಯಿ ಮಡಚೋ ಕೆಲಸ ಮುಗಿದ ಮೇಲೆ ಅದನ್ನ ಮುರೀತಾರೆ, ಮುರಿದ ಜಾಗದ ಗಾಯಕ್ಕೆ ಪಾಂಟಿಲ್ ಗುರುತು ಅಂತಾರೆ. ಆ ಗಾಯ ಹಾಗೇ ಒರಟಾಗಿದ್ಯಾ, ಉಜ್ಜಿ ನುಣ್ಣಗೆ ಬಟ್ಟಲಿನ ಥರ ಪಾಲಿಷ್ ಮಾಡಿದಾರಾ, ಇಲ್ಲಾ ಪಾಂಟಿಲ್ ಇಲ್ದೇ ತಳ ಪೂರ್ತಿ ಚಪ್ಪಟೆಯಾಗಿ ಉಜ್ಜಿದಾರಾ? ಬಾಯಿ ಅಂಚು ಬೆಂಕೀಲಿ ಕರಗಿಸಿ ದುಂಡಗೆ ಮಾಡಿದ್ದಾ, ಕತ್ತರಿಸಿ ಕಲ್ಲಿಗೆ ಹಿಡಿದು ಸಮ ಮಾಡಿದ್ದಾ, ಬೆರಳಾಡಿಸಿದ್ರೆ ಗೊತ್ತಾಗುತ್ತೆ. ಇದ್ಯಾವುದೂ ಒಂದೇ ಒಂದಾಗಿ ನಿರ್ಧಾರ ಕೊಡಲ್ಲ. ಪಾಲಿಷ್ ಮಾಡಿದ ಪಾಂಟಿಲ್ ಲೋಟ್ಸ್‌ನಲ್ಲಿ ಸಾಮಾನ್ಯ, ಆದ್ರೆ ಬೇರೆಯವರೂ ಮಾಡ್ತಿದ್ರು. ಆಕಾರ, ಡೆಕಾರ್, ಗಾಜಿನ ಬಣ್ಣ, ತಳ, ಅಂಚು, ಐದೂ ಒಂದೇ ಕಾರ್ಖಾನೆ ಕಡೆ ಕೈ ತೋರಿಸ್ಬೇಕು, ಅದರಲ್ಲೂ ಆಕಾರ ಆ ಕಾಗದದ ನಮೂನೆಗೆ ಅಳತೆ ಸಮೇತ ಕೂಡಿಬಂದ್ರೆ ಆಗ ನೀವು ಹೆಸರು ಹೇಳಬಹುದು. ಬರೀ ಬಣ್ಣ ನೋಡಿ ಹೆಸರಿಡೋದು ಅತಿ ದೊಡ್ಡ ಬಲೆ, ಯಾಕಂದ್ರೆ ಮಾರ್ಕೆಟ್‌ನಲ್ಲಿ ಏನು ಓಡ್ತಿತ್ತೋ ಅದನ್ನ ಪಕ್ಕದ ಕಣಿವೆಯವರೂ ಮುಂದಿನ ವರ್ಷವೇ ಮಾಡ್ತಿದ್ರು.

ಪಕ್ಕದ ಕಣಿವೆಯವರು ಯಾರು ಅಂದ್ರೆ, ಅದೇ ಶುಮವಾದ ಲೆನೊರಾ ಊರಲ್ಲಿ ವಿಲ್ಹೆಲ್ಮ್ ಕ್ರಾಲಿಕ್ ಜೋನ್ ಅನ್ನೋ ಕಾರ್ಖಾನೆ. ಇವರ ಉತ್ಪಾದನೆ ಅಗಾಧ, ಮಿರುಗೋ ಗಾಜು, ಎಳೆ ಸುತ್ತಿದ ಗಾಜು, ಆಮೇಲೆ 1920-30ರ ದಶಕದ ಗಾಢ ಬಣ್ಣ ಚೆಲ್ಲಿದ ಹೂದಾನಿಗಳು, ಎಲ್ಲಾ ಇವರಲ್ಲಿ ಸಿಗುತ್ತೆ. "ಲೋಟ್ಸ್" ಅಂತ ಮಾರಾಟಕ್ಕಿರೋದನ್ನ ತೂಗಿ ನೋಡಿದ್ರೆ ಅದರಲ್ಲಿ ಕ್ರಾಲಿಕ್ ಪಾಲು ಬಹಳ ಇರುತ್ತೆ ಅಂತ ನನ್ನ ಗಟ್ಟಿ ಅಭಿಪ್ರಾಯ. ಉತ್ತರದ ಟೆಪ್ಲಿಟ್ಸೆ ಸುತ್ತ ಇನ್ನೊಂದು ಗುಂಪು, ಕೊಷ್ಟ್ಯಾನಿಯ ಪಾಲ್ಮೆ-ಕ್ಯೋನಿಗ್, ಜೇಡರ ಬಲೆ ಥರ ಗಾಜಿನ ಎಳೆಗಳು ಅಡ್ಡಾದಿಡ್ಡಿ ಹರಡಿದ ಹೂದಾನಿಗಳಿಗೆ ಹೆಸರಾದೋರು, ಹಾಗಂತ ಎಳೆ ಕಂಡಿದ್ದೆಲ್ಲ ಅವರದಲ್ಲ, ಲೋಟ್ಸ್ ಕೂಡ ಮಾಡಿದೆ, ಕ್ರಾಲಿಕ್ ಕೂಡ. ಅದೇ ಸೀಮೆಯಲ್ಲಿ ರಿಂಡ್ಸ್‌ಕೊಪ್ಫ್, ಇವರ "ಗ್ರೆನಾಡಾ" ಅನ್ನೋ ಕೆಂಪಿನ ಡೆಕಾರ್ ಒಂದ್ಸಲ ನೋಡಿದ್ರೆ ಮರೆಯಲ್ಲ. ಹ್ರೋಬ್ ಅನ್ನೋ ಊರಲ್ಲಿ ಫ್ರಾನ್ಸ್ ವೆಲ್ಟ್ಸ್, ಇವರ ಕೆಲಸಕ್ಕೆ ಈಗೀಗ ಸರಿಯಾದ ಗಮನ ಸಿಗ್ತಾ ಇದೆ. ಈ ಕಾರ್ಖಾನೆಗಳಿಗೆ ಲೋಟ್ಸ್‌ನ ಥರ ಕಾಗದದ ಗಂಟು ಸಿಕ್ಕಿಲ್ಲ, ಹಾಗಾಗಿ ಇಲ್ಲಿ ಕೆಲಸ ನಡೆಯೋದು ಸರಪಳಿ ಥರ: ಹಳೇ ಕ್ಯಾಟಲಾಗಿನ ಒಂದು ಪುಟದಲ್ಲಿ ಒಂದು ಆಕಾರ ಖಚಿತವಾಗಿ ಸಿಕ್ಕಿತು ಅಂತಿಟ್ಕೊಳ್ಳಿ, ಆ ಆಕಾರ ಒಂದು ವಿಚಿತ್ರ ಡೆಕಾರ್‌ನಲ್ಲಿ ಸಿಗುತ್ತೆ, ಅದೇ ಡೆಕಾರ್ ಇನ್ನೊಂದು ಆಕಾರದಲ್ಲಿ, ಹೀಗೆ ಕೊಂಡಿಗೆ ಕೊಂಡಿ. ಈ ಸರಪಳಿ ಕಟ್ಟಿದೋರಲ್ಲಿ ಬಹಳಷ್ಟು ಜನ ಸಾಮಾನ್ಯ ಸಂಗ್ರಾಹಕರು, ನೂರಾರು ಫೋಟೋ ಪಕ್ಕ ಪಕ್ಕ ಇಟ್ಟು ವರ್ಷಗಟ್ಟಲೆ ನೋಡಿದೋರು. ಅವರ ಶ್ರಮಕ್ಕೆ ನಾವೆಲ್ಲ ಋಣಿ.

ಇನ್ನು ತಳದ ಮೇಲಿನ ಗುರುತು. 1890ರಲ್ಲಿ ಅಮೆರಿಕ ಮ್ಯಾಕಿನ್ಲಿ ಸುಂಕದ ಕಾನೂನು ತಂತು, ಹೊರಗಿಂದ ಬರೋ ಸಾಮಾನಿನ ಮೇಲೆ ಯಾವ ದೇಶದ್ದು ಅಂತ ಇಂಗ್ಲಿಷ್‌ನಲ್ಲಿ ಇರ್ಲೇಬೇಕು ಅಂತ. "ಲೋಟ್ಸ್ ಆಸ್ಟ್ರಿಯಾ" ಅಂತ ಗೀರಿದ ಸಹಿಗಳು ಇಂಥ ರಫ್ತಿನ ಮಾಲಿನ ಮೇಲೆ ಬಂದವು, ಯೂರೋಪಿನೊಳಗೆ ಮಾರಿದ ಹೆಚ್ಚಿನ ಹೂದಾನಿಗಳಿಗೆ ಏನೂ ಇಲ್ಲ. ಕಾಗದದ ಲೇಬಲ್ ಇದ್ದಿರಬಹುದು, ಮೊದಲನೇ ಸಲ ತೊಳೆದಾಗಲೇ ಹೋಗಿರುತ್ತೆ. ಒಂದು ಅಪವಾದ ಮಾರಿ ಕಿರ್ಷ್ನರ್, ಪ್ರಾಗ್‌ನಲ್ಲಿ ಹುಟ್ಟಿದ ಕಲಾವಿದೆ, ಲೋಟ್ಸ್‌ಗೆ ವಿನ್ಯಾಸ ಮಾಡಿಕೊಟ್ರು, ಆಕೆಯ ಹೂದಾನಿಗಳ ಮೇಲೆ ಎಂ ಮತ್ತು ಕೆ ಅಕ್ಷರ ಸೇರಿದ ಗುರುತು ಸಿಗುತ್ತೆ, ಆ ಸರಳ ಗಂಭೀರ ಆಕಾರಗಳು ನನಗಂತೂ ಬಹಳ ಇಷ್ಟ. ಆಸ್ಟ್ರಿಯಾ ಅಂತಿದ್ರೆ ಸಾಮಾನ್ಯವಾಗಿ 1891ರಿಂದ 1918ರ ಒಳಗೆ, ಚೆಕೊಸ್ಲೊವಾಕಿಯಾ ಅಂತಿದ್ರೆ ಅದರ ನಂತರ, ಇಷ್ಟು ಕಾಲ ಹೇಳುತ್ತೆ, ಕಾರ್ಖಾನೆ ಹೇಳಲ್ಲ. ಆದ್ರೂ ಚೆಕೊಸ್ಲೊವಾಕಿಯಾ ಮುದ್ರೆಯಲ್ಲೇ ಬೇರೆ ಬೇರೆ ರೂಪ ಇದೆ, ನೇರ ಗೆರೆ, ಅಂಡಾಕಾರ, ಕಮಾನು. ಆ್ಯಸಿಡ್‌ನಿಂದ ಕೊರೆದ, ಕಮಾನಿನ ಥರ ಬಾಗಿದ ಮುದ್ರೆಯನ್ನ ಸಂಗ್ರಾಹಕರು ಕ್ರಾಲಿಕ್ ಜತೆ ಜೋಡಿಸ್ತಾರೆ, ಆ ಮುದ್ರೆ ಇರೋ ಆಕಾರಗಳು ಮತ್ತೆ ಮತ್ತೆ ಕ್ರಾಲಿಕ್ ಕಡೆ ಹೋಗೋದ್ರಿಂದ. ಬೆಳ್ಳಿಯ ಕಟ್ಟು ಅಥವಾ ಬೆಳ್ಳಿಯ ಬಳ್ಳಿ ಇದ್ರೆ ಅದರ ಮೇಲಿನ ಮುದ್ರೆ ಬೆಳ್ಳಿ ಕೆಲಸದವರದು, ಗಾಜಿನವರದಲ್ಲ.

ಸುಳ್ಳು ಸಹಿ ಬಗ್ಗೆ ಹೇಳಲೇಬೇಕು. ಬೆಲೆ ಇರೋ ಕಡೆ ಇದು ಇದ್ದದ್ದೇ, ಹಳೇದೇ ಆದ ಕ್ರಾಲಿಕ್ ಹೂದಾನಿಗೆ ಎಲೆಕ್ಟ್ರಿಕ್ ಕೊರೆಯೋ ಪೆನ್ನಿಂದ ಲೋಟ್ಸ್ ಅಂತ ಗೀರಿಬಿಡ್ತಾರೆ. ಲೆನ್ಸ್ ಕೆಳಗೆ ನೋಡಿ. ನೂರು ವರ್ಷ ಮೇಜು, ಶೆಲ್ಫು ಅಂತ ಕೂತಿದ್ದ ತಳದಲ್ಲಿ ನೆಲಕ್ಕೆ ತಾಗೋ ಅಂಚಿನಲ್ಲಿ ಮಾತ್ರ ಸಣ್ಣ ಗೀರು ಇರುತ್ತೆ, ಎಲ್ಲಾ ದಿಕ್ಕಿಗೂ, ಒಂದೊಂದು ಆಳ ಒಂದೊಂದು ತೆಳು. ಸ್ಯಾಂಡ್ ಪೇಪರ್ ತಿಕ್ಕಿ ಹಳೇದು ಮಾಡಿದ್ರೆ ಗೀರುಗಳು ಒಂದೇ ದಿಕ್ಕಿಗೆ ಒಂದೇ ಸಮ. ಸಹಿಯ ಗೆರೆಯನ್ನ ಹಳೇ ಗೀರುಗಳು ದಾಟಿ ಹೋಗಿದ್ಯಾ, ಇಲ್ಲಾ ಸಹಿಯೇ ಹಳೇ ಗೀರುಗಳನ್ನ ಕತ್ತರಿಸಿ ಬಿಳೀ ಪುಡಿ ಥರ ಹೊಸದಾಗಿ ಕಾಣ್ತಿದ್ಯಾ? ಎರಡನೇದಾದ್ರೆ ಸಹಿ ಮರೆತು ಹೂದಾನಿ ನೋಡಿ, ಅದು ಒಳ್ಳೇದೇ ಇರಬಹುದು.

ಯುವಿ, ಅಂದ್ರೆ ಅಲ್ಟ್ರಾವಯಲೆಟ್, ಟಾರ್ಚ್ ಬಗ್ಗೆ ಎರಡು ಮಾತು. ಹಳದಿ-ಹಸಿರು ಗಾಜು ಯುವಿಯಲ್ಲಿ ಪ್ರಖರವಾದ ಹಸಿರಾಗಿ ಹೊಳೆದ್ರೆ ಅದರಲ್ಲಿ ಯುರೇನಿಯಂ ಇದೆ. ಬೊಹೆಮಿಯಾದ ಯೋಸೆಫ್ ರೀಡೆಲ್ ಇಂಥ ಗಾಜು ಮಾಡಿ ಹೆಂಡತಿ ಆನ್ನಾ ಹೆಸರಿಟ್ಟ, ಆನ್ನಾ ಹಳದಿ, ಆನ್ನಾ ಹಸಿರು ಅಂತ. ಆದ್ರೆ 19ನೇ ಶತಮಾನದ ಕೊನೆ ಹೊತ್ತಿಗೆ ಯೂರೋಪ್ ಪೂರ್ತಿ ಇದನ್ನ ಮಾಡ್ತಿತ್ತು, ಹೊಳೆಯೋದ್ರಿಂದ ತಯಾರಕರು ಗೊತ್ತಾಗಲ್ಲ. ಮೋಸರ್‌ನ "ಅಲೆಕ್ಸಾಂಡ್ರಿಟ್" ಕೂಡ ಹಾಗೇ, ನಿಯೊಡಿಮಿಯಂ ಹಾಕಿದ ಗಾಜು, ಹಗಲು ಬೆಳಕಲ್ಲಿ ತಿಳಿ ನೇರಳೆ, ಟ್ಯೂಬ್‌ಲೈಟ್ ಕೆಳಗೆ ನೀಲಿ, ಮೊದಲ ಸಲ ನೋಡಿದೋರು ಬೆರಗಾಗ್ತಾರೆ, ಆದ್ರೆ ನಿಯೊಡಿಮಿಯಂ ಗಾಜನ್ನ ಅಮೆರಿಕದೋರೂ ಮಾಡಿದಾರೆ. ಗಾಜು ಕಡಿದ ಶೈಲಿ, ಆಕಾರ, ತಳದ ಆ್ಯಸಿಡ್ ಗುರುತು ಸೇರಿದ್ರೇ ಮೋಸರ್.

ನನ್ನ ಮಾತು ಇಷ್ಟು. ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನ ಇಲ್ಲಿ ಬರೀತೀನಿ.

ಹಿರಿಯರೊಬ್ಬರು ಕೇಳಿದ್ರು, ತಯಾರಕರು ಗೊತ್ತಾಗ್ಲಿಲ್ಲ ಅಂದ್ರೆ ನನ್ನ ಪಟ್ಟಿಯಲ್ಲಿ ಏನಂತ ಬರೀಲಿ ಅಂತ. "ಬೊಹೆಮಿಯಾ, ಸುಮಾರು 1900, ತಯಾರಕರು ಖಚಿತವಿಲ್ಲ" ಅಂತ ಬರೀರಿ ಸರ್, ಅದರ ಮುಂದೆ ನೀವು ನೋಡಿದ್ದನ್ನ ಬರೀರಿ, ಪಾಂಟಿಲ್ ಪಾಲಿಷ್, ಅಂಚು ಬೆಂಕಿಯದು, ಗಾಜು ಹಸಿರು ಅಂತ. ನಾಳೆ ಯಾರಿಗೋ ಒಂದು ಕ್ಯಾಟಲಾಗ್ ಪುಟ ಸಿಕ್ಕಿದಾಗ ನಿಮ್ಮ ಆ ಸಾಲೇ ಉಪಯೋಗಕ್ಕೆ ಬರುತ್ತೆ, ಸುಮ್ನೆ ಲೋಟ್ಸ್ ಅಂತ ಬರೆದಿಟ್ರೆ ಮುಂದಿನೋರು ಹುಡುಕೋದನ್ನೇ ನಿಲ್ಲಿಸ್ತಾರೆ.

ತೊಳೆಯೋದು ಹೇಗೆ ಅಂತ ಇನ್ನೊಬ್ರು. ಮಿರುಗಿನ ಪದರ ತೀರಾ ತೆಳು ಮೇಡಂ, ಉಗುರುಬೆಚ್ಚಗಿನ ನೀರು, ಎರಡು ಹನಿ ಸೋಪು, ಮೆತ್ತನೆ ಬಟ್ಟೆ, ಅಷ್ಟೇ. ಹುಣಸೆಹಣ್ಣು, ನಿಂಬೆ, ಬ್ಲೀಚ್, ಸ್ಕ್ರಬ್ಬರ್ ಯಾವುದೂ ಬೇಡ, ಡಿಶ್‌ವಾಶರ್ ಅಂತೂ ಬೇಡವೇ ಬೇಡ. ಸಿಂಕಿನೊಳಗೆ ಟವೆಲ್ ಹಾಸ್ಕೊಳ್ಳಿ.

ಗೊತ್ತಿರೋರಿಗೆ ತೋರಿಸೋಕೆ ಫೋಟೋ ಹೇಗೆ ತೆಗೀಬೇಕು ಅಂತ ಒಬ್ಬ ಹುಡುಗ ಕೇಳಿದ. ಹೂದಾನಿಯ ಮಟ್ಟಕ್ಕೇ ಕ್ಯಾಮೆರಾ ಇಟ್ಟು ಪೂರ್ತಿ ಒಂದು, ಮೇಲಿಂದ ತೆಗೆದ್ರೆ ಆಕಾರ ಸೊಟ್ಟ ಬಂದು ನಮೂನೆ ಜತೆ ಹೋಲಿಸೋಕೆ ಆಗಲ್ಲ. ಹಿಂದಿನಿಂದ ಬೆಳಕು ಬಿಟ್ಟು ಒಂದು. ತಳ ನೇರವಾಗಿ ಒಂದು, ಅದನ್ನೇ ಬೆಳಕು ಓರೆಯಾಗಿ ಬೀಳೋ ಹಾಗೆ ಇನ್ನೊಂದು, ಗೀರು ಕಾಣೋದು ಅದರಲ್ಲೇ. ಬಾಯಿ ಅಂಚು ಹತ್ತಿರದಿಂದ. ಎತ್ತರಾನ ಮಿಲಿಮೀಟರ್‌ನಲ್ಲಿ ಅಳೆದು ಫೋಟೋ ಜತೆಗೇ ಬರಿ.